ಪಪ್ಪನ ಮಾಫಿ ಪಟ್ಟಿ

ಹೋದ ವಾರ ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆಯ ಅಡುಗೆಮನೆಗೆ ಇರುವೆ ಬಂದವು. ಎಲ್ಲಿಂದ ಬರುತ್ತಿವೆ ನೋಡೋಣವೆಂದು ಸಾಲು ಹಿಡಿದು ಹೋದರೆ ಅದು ಗೋಧಿ ಡಬ್ಬಿಯ ಬುಡಕ್ಕೆ ಹೋಗಿ ನಿಂತಿತು. ಡಬ್ಬಿ ಎತ್ತಿದೆ. ಕೆಳಗೆ ಪಪ್ಪನ ಮಾಫಿ ಕಾರ್ಡು ಏಳು, ಹಿಂದೆಂದೋ ಬರೆದು ಉಳಿದವು. ಕಟ್ಟೆ ಸೊಟ್ಟಗಿದೆ, ಡಬ್ಬಿ ಓಲಾಡುತ್ತದೆ ಎಂದು ಯಾವಾಗಲೋ ನಾನೇ ಮಡಚಿ ತುರುಕಿದ್ದು. ಇರುವೆಗಳನ್ನು ಅಲ್ಲಿಯೇ ಬಿಟ್ಟು ನೆಲದ ಮೇಲೆ ಕುಳಿತು ಕಾರ್ಡು ಓದತೊಡಗಿದೆ. ಅದನ್ನು ಓದುವ ಅಗತ್ಯ ನನಗೇನೂ ಇರಲಿಲ್ಲ. ಎಂಟನೆಯ ವಯಸ್ಸಿನಿಂದ ಅದು ನನಗೆ ಬಾಯಿಪಾಠ.

‘ಕಳೆದ ವರ್ಷದಲ್ಲಿ ತಿಳಿದೋ ತಿಳಿಯದೆಯೋ, ಮನಸ್ಸಿನಿಂದ, ಮಾತಿನಿಂದ, ನಡತೆಯಿಂದ ತಮಗೆ ನಮ್ಮಿಂದ ನೋವಾಗಿದ್ದರೆ ಕೈಮುಗಿದು ಕ್ಷಮೆ ಕೇಳುತ್ತೇವೆ.’ ಇಷ್ಟೇ. ಕೆಳಗೆ ಪಪ್ಪನ ಹೆಸರು, ಬ್ಯಾಡಗಿಯ ನಮ್ಮ ಬಟ್ಟೆ ಅಂಗಡಿಯ ವಿಳಾಸ.

ನಾವು ಜೈನರು, ಮಾರವಾಡಿಗಳು. ಶ್ರಾವಣ ಮುಗಿದು ಭಾದ್ರಪದ ಬರುವ ಹೊತ್ತಿಗೆ ನಮ್ಮಲ್ಲಿ ಎಂಟು ದಿನದ ಪರ್ಯೂಷಣ ಇರುತ್ತದೆ. ಉಪವಾಸ, ಪ್ರಾರ್ಥನೆ, ಕಾಯಿಸಿದ ನೀರು. ಎಂಟನೆಯ ದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಎಲ್ಲರಿಗೂ ಕೈಮುಗಿದು ‘ಮಿಚ್ಛಾಮಿ ದುಕ್ಕಡಂ’ ಅನ್ನುತ್ತಾರೆ. ನಾನು ಮಾಡಿದ ಕೆಟ್ಟದ್ದು ಇಲ್ಲದಂತಾಗಲಿ ಅಂತ ಅದರ ಅರ್ಥ. ಅತ್ತೆ ಸೊಸೆಗೆ, ಅಪ್ಪ ಮಗನಿಗೆ, ಅಂಗಡಿಯವರು ಗಿರಾಕಿಗೆ. ಹಿರಿಯರು ಕಿರಿಯರು ಎಂಬ ಭೇದ ಇಲ್ಲ. ಎದುರಿಗೆ ಇದ್ದವರಿಗೆ ಬಾಯಲ್ಲಿ, ದೂರ ಇದ್ದವರಿಗೆ ಕಾರ್ಡಿನಲ್ಲಿ. ಈಗ ಎಲ್ಲರೂ ಮೊಬೈಲಿನಲ್ಲಿ ಹೂವಿನ ಚಿತ್ರ ಹಾಕಿ ಕಳಿಸುತ್ತಾರೆ. ಪಪ್ಪನಿಗೆ ಅದು ಸರಿಬರುವುದಿಲ್ಲ. “ಒಂದ ಸಲ ಒತ್ತಿದ್ರ ನೂರು ಮಂದಿಗೆ ಹೋಗ್ತೈತಿ. ಅದು ಮಾಫಿ ಅಲ್ಲ, ಜಾಹೀರಾತು” ಅನ್ನುತ್ತಾರೆ. ಹಾಗಾಗಿ ಹಾವೇರಿಯ ಪ್ರೆಸ್ಸಿನಲ್ಲಿ ಇವತ್ತಿಗೂ ಪ್ರತಿವರ್ಷ ನಮ್ಮ ಕಾರ್ಡು ಅಚ್ಚಾಗುತ್ತದೆ.

ಕಾರ್ಡು ಯಾರಿಗೆ ಹೋಗಬೇಕು ಎಂಬುದಕ್ಕೆ ಪಪ್ಪನ ಹತ್ತಿರ ಒಂದು ಪಟ್ಟಿ ಇದೆ. ಉದ್ದನೆಯ ಗೆರೆ ಹಾಳೆಗಳು, ಮೂಲೆಗೆ ಅಂಗಡಿಯ ದಾರ ಪೋಣಿಸಿದ್ದು. ಮೊದಲ ಪುಟದ ತಲೆಯಲ್ಲಿ ‘ಮನೆ’ ಎಂದು ಬರೆದು ಕೆಳಗೆ ದಾದಿ ಅಂದರೆ ಪಪ್ಪನ ಅವ್ವ, ಮಮ್ಮಿ, ಅಣ್ಣ, ಕೊನೆಗೆ ವನಿತಾ ಅಂದರೆ ನಾನು. ಆಮೇಲೆ ಬಂಧುಗಳು. ಆಮೇಲೆ ಗಿರಾಕಿಗಳು. ಕಟ್ಟಕಡೆಯ ಪುಟದಲ್ಲಿ ದರ್ಜಿ, ಪೋಸ್ಟ್‌ಮ್ಯಾನ್, ಹಾಲಿನವ. ಪೋಸ್ಟ್‌ಮ್ಯಾನ್ ತನ್ನ ಕಾರ್ಡನ್ನು ತಾನೇ ತಂದುಕೊಂಡು ಓದಬೇಕಾಗುತ್ತಿತ್ತು, ಪಾಪ. ಒಬ್ಬೊಬ್ಬರ ಹತ್ತಿರ ಮಾಫಿ ಕೇಳಿ ಆದ ಹಾಗೆ ಪಪ್ಪ ಹೆಸರಿನ ಮುಂದೆ ಸೀಸದ ಕಡ್ಡಿಯಿಂದ ಒಂದು ಟಿಕ್ ಹಾಕುತ್ತಾರೆ. ಸೊಸೆ ಬಂದರೆ ‘ಮನೆ’ಯಲ್ಲಿ ಒಂದು ಸಾಲು ಹೆಚ್ಚುತ್ತದೆ. ಮಗಳು ಮದುವೆಯಾದರೆ ಅವಳ ಸಾಲು ಬಂಧುಗಳ ಪುಟಕ್ಕೆ ಹೋಗಿ ಪಕ್ಕದಲ್ಲಿ ಅಳಿಯನ ಹೆಸರು ಬರುತ್ತದೆ. ನನ್ನ ಸಾಲು ಮಾತ್ರ ಎಲ್ಲಿಗೂ ಹೋಗದೆ ಮೊದಲ ಪುಟದಲ್ಲೇ ಮೂವತ್ತಾರು ವರ್ಷ ಕುಳಿತಿತ್ತು.

ವಿಳಾಸ ಬರೆಯುವ ಕೆಲಸ ನನ್ನದು. ಅಣ್ಣನ ಅಕ್ಷರ ಕೋಳಿ ಕೆದರಿದ ಹಾಗೆ, ಮಮ್ಮಿಗೆ ಕನ್ನಡ ಮಾತು ಬರುತ್ತದೆ, ಬರೆಯಲು ಬಾರದು. ಅಂಗಡಿಯ ಗಾದಿಯ ಮೇಲೆ, ಹೊಸ ಬಟ್ಟೆಯ ಗಂಜಿ ವಾಸನೆಯಲ್ಲಿ ಬೋರಲಾಗಿ ಮಲಗಿ ಬರೆಯುತ್ತಿದ್ದೆ. ಗುತ್ತಲ, ಕಾಗಿನೆಲೆ, ಮೇಡ್ಲೇರಿ. ಈ ಊರುಗಳನ್ನೆಲ್ಲ ನಾನು ನೋಡುವ ಮುಂಚೆ ಬರೆದಿದ್ದೇನೆ. ಮೇಡ್ಲೇರಿ ಎಂದು ಬರೆಯುವಾಗ ಮುಂದೆ ಆ ಊರಿನಿಂದ ನನಗೆ ಏನು ಬರಲಿದೆ ಎಂದು ಗೊತ್ತಿದ್ದರೆ ಇನ್ನೂ ದುಂಡಗೆ ಬರೆಯುತ್ತಿದ್ದೆನೋ ಏನೋ.

ಒಂದು ವರ್ಷ ಗುತ್ತಲದ ಫಕ್ಕೀರಪ್ಪ ಎಂಬ ರೈತರ ಹೆಸರು ಹೊಸದಾಗಿ ಪಟ್ಟಿ ಸೇರಿತ್ತು. ನಾನು ಕಾರ್ಡು ಬರೆದೆ. ನಾಲ್ಕು ದಿನ ಬಿಟ್ಟು ಆ ಮನುಷ್ಯ ಬಸ್ಸು ಹತ್ತಿಕೊಂಡು ಅಂಗಡಿಗೆ ಬಂದೇಬಿಟ್ಟರು. ಕೈಯಲ್ಲಿ ಚೀಲ. ಚೀಲದಲ್ಲಿ ನಮ್ಮಲ್ಲೇ ಕೊಂಡ, ಇನ್ನೂ ಹೊಲಿಸದ ಅಂಗಿ ಬಟ್ಟೆ.

“ಶೇಟ್ರ, ನಿಮ್ಮ ಕಾರ್ಡ್ ಬಂತ್ರಿ. ಹುಡುಗನ ಕೈಲೆ ಓದಿಸಿದ್ನಿ. ಏನ್ ತಪ್ಪ ಮಾಡೀರಿ ಖರೇ ಹೇಳ್ರಿ. ಅರಿವಿ ಕಡಿಮಿ ಹರದೀರೇನು?”

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಪಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿ ಆಯಿತು. “ಇಲ್ರಿ ಯಜಮಾನ್ರ, ಅದು ನಮ್ಮ ಸಂಪ್ರದಾಯರಿ, ಎಲ್ಲಾರಿಗೂ ಕಳಸ್ತೇವ್ರಿ” ಎಂದರೂ ಅವರು ಒಪ್ಪಲಿಲ್ಲ. “ತಪ್ಪ ಮಾಡದವ್ರು ಮಾಫಿ ಯಾಕ ಕೇಳ್ತಾರ್ರಿ? ಹುಚ್ಚ ಹಿಡದೈತೇನು ಮಂದಿಗೆ?” ಕೊನೆಗೆ ಪಪ್ಪ ಎಲ್ಲರ ಎದುರಿಗೇ ಗಜಕಡ್ಡಿ ತೆಗೆದು ಬಟ್ಟೆ ಅಳೆದರು. ಅಳತೆ ಸರಿಯಾಗಿತ್ತು. ಫಕ್ಕೀರಪ್ಪ ಬಟ್ಟೆ ಮಡಚಿಕೊಂಡು, “ಹಂಗಾದ್ರ ನೀವ್ ಮಾಡಿದ್ದು ಒಂದ ತಪ್ಪ ನೋಡ್ರಿ. ಸುಮ್‌ಸುಮ್ನ ನನ್ನ ಬಸ್ ಹತ್ತಿಸಿದ್ದು” ಎಂದರು. ಪಪ್ಪ ಚಹಾ ತರಿಸಿದರು. ಅವರು ಬದುಕಿರುವವರೆಗೂ ಪ್ರತಿವರ್ಷ ಕಾರ್ಡು ಮುಟ್ಟಿದ ವಾರ ಅಂಗಡಿಗೆ ಬಂದು, “ಈ ವರ್ಷ ಏನ್ ಮಾಡೀರಿ ಶೇಟ್ರ?” ಎಂದು ಕೇಳಿ ಚಹಾ ಕುಡಿದು ಹೋಗುತ್ತಿದ್ದರು. ಪಪ್ಪ ಪ್ರತಿವರ್ಷವೂ “ಏನಿಲ್ರಿ, ಸಂಪ್ರದಾಯರಿ” ಅನ್ನುತ್ತಿದ್ದರು.

ನಾನು ಮಾತ್ರ ಆ ಸಂಪ್ರದಾಯವನ್ನು ಚೆನ್ನಾಗಿ ಬಳಸಿಕೊಂಡವಳು. ಆ ದಿನ ಯಾರು ಏನು ಹೇಳಿದರೂ ಬೈಯುವಂತಿಲ್ಲವಲ್ಲ! ವರ್ಷವಿಡೀ ಮಾಡಿದ ಕಿತಾಪತಿಗಳನ್ನು ಕೂಡಿಟ್ಟುಕೊಂಡು ಆ ಸಂಜೆ ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಿದ್ದೆ. ದಾದಿಯ ಉಪ್ಪಿನಕಾಯಿ ಜಾಡಿ ಒಡೆದು ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದು. ಅಣ್ಣನ ಪಟ ಹರಿದದ್ದು. ಎಲ್ಲಕ್ಕಿಂತ ದೊಡ್ಡದು, ಹಾವೇರಿಯಲ್ಲಿ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿಯ ಗಿರ್ಮಿಟ್ ತಿಂದದ್ದು, ಹಸಿ ಉಳ್ಳಾಗಡ್ಡಿ ಹಾಕಿಸಿಕೊಂಡು. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಹೊಸ್ತಿಲು ದಾಟಿಲ್ಲ. ಅಜ್ಜ ಮಾರವಾಡದಿಂದ ಬಟ್ಟೆ ಗಂಟು ಹೊತ್ತು ಬಂದ ಕಾಲದಿಂದಲೂ ದಾಟಿಲ್ಲ. ದಾದಿ ಕೇಳಿ ಎರಡು ನಿಮಿಷ ಕಣ್ಣುಮುಚ್ಚಿ ಕುಳಿತು, “ಆತು, ಮಾಫ್. ಬಾಯಿ ತೊಳಕೋ” ಎಂದರು. ತಿಂದು ಆರು ತಿಂಗಳಾಗಿತ್ತು!

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಊಟ, ಪೂಜೆ, ಮುದ್ದು ಎಲ್ಲ ಮಾರವಾಡಿಯಲ್ಲಿ, ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ ಅಷ್ಟೇ. ಜಗಳ ಮಾತ್ರ ಕನ್ನಡದಲ್ಲಿ. ಯಾಕೆಂದು ಗೊತ್ತಿಲ್ಲ. ಪಪ್ಪನಿಗೆ ಸಿಟ್ಟು ಬಂದರೆ ಬ್ಯಾಡಗಿ ಮಾರ್ಕೆಟ್ಟಿನ ಕನ್ನಡವೇ ಬಾಯಿಗೆ ಬರುತ್ತದೆ, ಮಮ್ಮಿಗೂ ಹಾಗೆಯೇ. ಆದ್ದರಿಂದ ಮನೆಯಲ್ಲಿ ಯಾರಾದರೂ ಕನ್ನಡ ಸುರು ಮಾಡಿದರೆ ಉಳಿದವರು ಎದ್ದು ಕೂಡುತ್ತೇವೆ.

ಇಪ್ಪತ್ತೆರಡಕ್ಕೆ ವರಗಳು ಬರತೊಡಗಿದವು. ಬಂದವರು ಕೆಟ್ಟವರೇನಲ್ಲ. ಒಬ್ಬನಂತೂ ಎಷ್ಟು ಒಳ್ಳೆಯವನಾಗಿದ್ದನೆಂದರೆ ಅವನನ್ನು ಬೇಡ ಎಂದದ್ದಕ್ಕೆ ನನಗೆ ಇವತ್ತಿಗೂ ಕೆಡುಕೆನಿಸುತ್ತದೆ. ಕಾರಣ ಅವರಲ್ಲಿರಲಿಲ್ಲ. ನಾನು ಹೆಂಗಸರನ್ನು ಮೆಚ್ಚುವ ಹೆಂಗಸು. ಪತ್ರಿಕೆಯಲ್ಲಿ ಸಲಿಂಗಿ ಎಂದು ಬರೆಯುತ್ತಾರೆ. ಇದು ನನಗೆ ಹಾವೇರಿಯ ಕಾಲೇಜಿನಲ್ಲೇ ಗೊತ್ತಾಗಿತ್ತು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ. ನೌಕರಿ ಬೇಕು, ಇನ್ನೊಂದು ವರ್ಷ ತಡೆಯಿರಿ, ಎಂದು ಮುಂದೂಡುತ್ತ ಹೋದೆ. ಪ್ರತಿವರ್ಷ ವಿಳಾಸ ಬರೆಯುವಾಗ ಮಾತ್ರ ಅಚ್ಚಾದ ಆ ‘ತಿಳಿದೋ ತಿಳಿಯದೆಯೋ’ ಕಣ್ಣಿಗೆ ಬಿದ್ದರೆ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ನೌಕರಿ ಸಿಕ್ಕಿದ್ದು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ. ನೂರು ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿ ಇಟ್ಟು, ಎಷ್ಟು ಮೊಳಕೆ ಒಡೆದವು ಎಂದು ಎಣಿಸುವುದು ನನ್ನ ಕೆಲಸ. ಹೊಲದಿಂದ ಬೀಜ ತರುತ್ತಿದ್ದವಳು ಮೇಡ್ಲೇರಿಯ ನೀಲವ್ವ. ಹತ್ತಿ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸಿ ತಳಿ ಕೂಡಿಸುವ ಕ್ರಾಸಿಂಗ್ ಕೆಲಸಕ್ಕೆ ಮೇಲ್ವಿಚಾರಕಿ. ನಲವತ್ತು ಹೆಂಗಸರನ್ನು ಒಂದೇ ಕೂಗಿಗೆ ಹೊಲಕ್ಕೆ ಇಳಿಸುವ ಗಂಟಲು. ಹದಿನೆಂಟಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ಅದನ್ನು ಬಿಟ್ಟು ಬಂದವಳು.

ಮೊದಲ ಸಲ ಮಾತಾಡಿದ್ದೇ ಜಗಳ. ಅವಳು ತಂದ ಬೀಜದಲ್ಲಿ ನೂರಕ್ಕೆ ಅರವತ್ತೇ ಮೊಳೆತಿದ್ದವು. ನಾನು ನಪಾಸು ಎಂದು ಬರೆದೆ. “ಅಲ್ಲವ್ವಾ, ಎಣಿಸಾಕ ಬರ್ತೈತಿಲ್ಲೋ ನಿನಗ? ನನ್ನ ಮುಂದ ಎಣಿಸು” ಎಂದು ಎದುರಿಗೇ ಕುಕ್ಕರಿಸಿದಳು. ಎಣಿಸಿದೆ. ಅರವತ್ತೆರಡು ಬಂತು. “ನೋಡ್ದಿ? ಎರಡು ನುಂಗಿದ್ದಿ” ಎಂದು ನಕ್ಕಳು. ಅದೇ ಕೊನೆ, ಆಮೇಲೆ ನನಗೆ ಎಣಿಕೆ ಸರಿಯಾಗಿ ಬರಲಿಲ್ಲ.

ಒಂದೂವರೆ ವರ್ಷಕ್ಕೆ ನಾವು ಒಟ್ಟಿಗೆ ಮನೆ ಮಾಡಿದೆವು. ಇದನ್ನು ದೊಡ್ಡ ಸಾಹಸ ಎಂದು ನೀವು ತಿಳಿದರೆ ತಪ್ಪು. ಇಬ್ಬರು ಹೆಂಗಸರು ಒಂದು ಮನೆಯಲ್ಲಿದ್ದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಮಮ್ಮಿ ಮೊದಲ ಸಲ ಬಂದು ಒಂದೇ ಮಂಚ ನೋಡಿ, “ಚಲೋ ಆತು, ಒಬ್ಬಾಕಿನ ಇದ್ರ ಅಂಜಿಕಿ ಬರ್ತೈತಿ” ಎಂದರು. ಮಮ್ಮಿ ಬರುತ್ತಾರೆಂದರೆ ನಾವು ಗಾಬರಿಯಿಂದ ಬಚ್ಚಿಡುತ್ತಿದ್ದದ್ದು ಉಳ್ಳಾಗಡ್ಡಿ ಬುಟ್ಟಿಯನ್ನು. ಅದು ಪಕ್ಕದ ಮನೆಯಲ್ಲಿ ಎರಡು ದಿನ ಅತಿಥಿಯಾಗಿ ಇದ್ದು ಬರುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ನೀಲಾ ಒಂದು ದಿನ ಬುಟ್ಟಿ ಹೊತ್ತುಕೊಂಡು ಹೊರಟವಳು ಬಾಗಿಲಲ್ಲೇ ನಿಂತಳು.

“ಒಂದ ಮಾತ ಕೇಳ್ತೇನಿ. ನಿಮ್ಮವ್ವಗ ನಾ ಯಾರು?”

“ಗೆಳತಿ.”

“ಹಂಗಾದ್ರ ನಾಳೆ ನಾ ಸತ್ರ, ನಿನಗ ಒಂದಿನ ರಜಾ ಸಿಗ್ತೈತಿ. ಅಷ್ಟ ಅಲ್ಲ?” ಎಂದು ಬುಟ್ಟಿ ಕೆಳಗಿಟ್ಟಳು. “ನಮ್ಮವ್ವಗ ನಾ ಹೇಳೇನಿ. ಬೈದಳು, ಅತ್ತಳು, ಈಗ ನಿನಗ ಶೇಂಗಾ ಹೋಳಿಗಿ ಕಳಸ್ತಾಳ. ನೀ ಯಾವಾಗ ಹೇಳಾಕಿ?”

ಅಂದಿನಿಂದ ನನಗೆ ಬೇಕಾದದ್ದು ಒಂದೇ ಆಯಿತು. ಬ್ಯಾಡಗಿಯ ಮನೆಯ ಹೊಸ್ತಿಲನ್ನು ನೀಲಾ ನನ್ನವಳಾಗಿಯೇ ದಾಟಬೇಕು, ಗೆಳತಿ ಎಂಬ ಸುಳ್ಳನ್ನು ಹೊದ್ದುಕೊಂಡು ಅಲ್ಲ. ದಾಟಲು ಬಿಡದಿದ್ದರೆ? ಪಪ್ಪ ನನ್ನನ್ನೂ ಹೊರಗೆ ಇಟ್ಟರೆ? ಪಪ್ಪನನ್ನು ಕಂಡರೆ ನನಗೆ ಜೀವ. ಅವರು ಗಜಕಡ್ಡಿ ಹಿಡಿಯಲು ಕಲಿಸಿದ್ದು ಅಣ್ಣನಿಗಲ್ಲ, ನನಗೆ.

ಅಂಜುಬುರುಕಿಯಾದ ನಾನು ಚಿಕ್ಕಂದಿನ ಉಪಾಯವನ್ನೇ ಹಿಡಿದೆ. ಮಾಫಿಯ ದಿನ ಹೇಳುವುದು. “ಬ್ಯಾಡ. ಅವತ್ತ ಬ್ಯಾಡ” ಎಂದಳು ನೀಲಾ. “ಅವತ್ತ ಹೇಳಿದ್ರ ಅದು ತಪ್ಪ ಆಗ್ತೈತಿ ನೋಡು.” ನಾನು ಕೇಳಲಿಲ್ಲ. ನಮ್ಮ ಸಂಪ್ರದಾಯ ನಿನಗೇನು ಗೊತ್ತು ಎಂದು ಅವಳಿಗೇ ದಬಾಯಿಸಿ ಬ್ಯಾಡಗಿ ಬಸ್ಸು ಹತ್ತಿದೆ. ಇದು ಹೋದ ವರ್ಷದ ಹಿಂದಿನ ವರ್ಷದ ಮಾತು.

ಪ್ರಾರ್ಥನೆ ಮುಗಿದ ಮರುದಿನ ಬೆಳಗ್ಗೆ ಪಪ್ಪ ಅಂಗಡಿಯ ಗಾದಿಯ ಮೇಲೆ ಪಟ್ಟಿ ಹರವಿಕೊಂಡು, ದೂರದ ಬಂಧುಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದರು. ಡಯಲ್ ಮಾಡುವುದು, ಮಿಚ್ಛಾಮಿ ದುಕ್ಕಡಂ, ಟಿಕ್. ಮತ್ತೊಂದು ಡಯಲ್. ಎರಡು ಫೋನಿನ ನಡುವೆ ನಾನು ಎದುರಿಗೆ ಕುಳಿತು ಕೈಮುಗಿದೆ. ಕನ್ನಡದಲ್ಲಿ ಸುರು ಮಾಡಿದೆ, ಅಷ್ಟಾದರೂ ಎಚ್ಚರವಾಗಲಿ ಎಂದು.

“ಪಪ್ಪಾ, ಮಿಚ್ಛಾಮಿ ದುಕ್ಕಡಂ. ಇಷ್ಟ್ ವರ್ಷ ನಿಮಗ ಸುಳ್ಳ ಹೇಳೇನಿ. ನಾ ಯಾವ ಹುಡುಗನ್ನೂ ಮದುವಿ ಆಗಾಕಿ ಅಲ್ಲ. ನೀಲಾ ಬರೇ ಗೆಳತಿ ಅಲ್ರಿ. ಗಂಡ ಹೆಂಡತಿ ಹೆಂಗ ಇರ್ತಾರ, ಹಂಗ ಅದೇವಿ. ಕಡೀತನಕಾ ಹಂಗ ಇರಾವ್ರು.”

ಪಪ್ಪ ಪಟ್ಟಿಯಿಂದ ಕಣ್ಣೆತ್ತದೆ ನನ್ನ ತಲೆಯ ಮೇಲೆ ಕೈಯಿಟ್ಟರು. “ಮಾಫ್, ಮಾಫ್. ನನ್ನೂ ಮಾಫ್ ಮಾಡು. ಉಂಡ ಹೋಗು” ಎಂದು ನನ್ನ ಹೆಸರಿಗೆ ಟಿಕ್ ಹಾಕಿ ಮುಂದಿನ ನಂಬರ್ ಒತ್ತಿದರು.

ಕೈಮುಗಿದುಕೊಂಡೇ ಕುಳಿತಿದ್ದೆ. ಹದಿನೈದು ವರ್ಷ ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದಕ್ಕೆ ಅರ್ಧ ನಿಮಿಷದಲ್ಲಿ ಟಿಕ್ಕು! ನಗು ಬಂತೋ ಅಳು ಬಂತೋ ಈಗ ಹೇಳಲಾರೆ. ಆ ಕಡೆ ಫೋನೆತ್ತಿದ ಯಾರೋ “ಹಲೋ, ಹಲೋ” ಅನ್ನುತ್ತಿದ್ದರು. ಪಪ್ಪ ಫೋನನ್ನು ನಿಧಾನವಾಗಿ ಕೆಳಗಿಟ್ಟರು.

“ಏನಂದಿ ನೀ ಈಗ?”

ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ, ಅನುಭವದ ಮಾತು. ಪಪ್ಪ ಟಿಕ್ಕನ್ನು ನೋಡಿದರು. ಗಾದಿಯ ಕೆಳಗಿಂದ ರಬ್ಬರ್ ತೆಗೆದರು. ಆಮೇಲೆ ಅದನ್ನು ಇದ್ದಲ್ಲೇ ಇಟ್ಟುಬಿಟ್ಟರು.

“ಬಾಯಿಂದ ಹೋದ ಮಾಫಿ ಹಿಂದಕ್ಕ ತಗೊಳ್ಳಾಕ ಬರೂದಿಲ್ಲ” ಎಂದರು. “ಖರೇ, ಮಾಫಿ ಅಂದ್ರ ಒಪ್ಪಿಗಿ ಅಲ್ಲ. ಆಕಿ ಹೆಸರ ಈ ಮನ್ಯಾಗ ಯಾರೂ ತಗೀಬ್ಯಾಡ್ರಿ.”

ಒಳಗಿಂದ ಮಮ್ಮಿ ಬಂದರು. ಕೇಳಿಸಿಕೊಂಡಿದ್ದರು. ಸಮಾಜದಾಗ ಹೆಂಗ ಮುಖ ತೋರಿಸೂದು ಎಂದು ಅತ್ತರು. ಡಾಕ್ಟರಿಗೆ ತೋರಿಸೋಣ ಎಂದರು. ನಾನೇ ಸಾಕಿದ್ದರಲ್ಲಿ ತಪ್ಪು ಮಾಡಿದೆ ಎಂದು ಹಣೆ ಚಚ್ಚಿಕೊಂಡರು. ಕೊನೆಗೆ ಮೂಗು ಒರೆಸಿಕೊಂಡು ಕೇಳಿದ್ದು ಇದು: “ಆಕಿ ಉಳ್ಳಾಗಡ್ಡಿ ತಿಂತಾಳೇನು?”

“ತಿಂತಾಳ.”

“ಅಯ್ಯೋ ದೇವರೇ!” ಎಂದು ಮತ್ತೆ ಮೊದಲಿಂದ ಅತ್ತರು.

ಸಂಜೆ ಬಸ್ಸಿನಲ್ಲಿ ಬರುವಾಗ ನೀಲಾ ಹೇಳಿದ್ದು ಅರ್ಥವಾಯಿತು. ನಾನು ಮಾಫಿ ಕೇಳಿದ್ದು ಸುಳ್ಳಿಗೆ. ಪಪ್ಪ ಮಾಫಿ ಕೊಟ್ಟದ್ದು ನೀಲಾಳಿಗೆ, ಅವಳೇ ಒಂದು ತಪ್ಪು ಎಂಬಂತೆ. ನನಗೆ ಸಿಟ್ಟು ಬಂತು, ಪಪ್ಪನ ಮೇಲಲ್ಲ, ನನ್ನ ಮೇಲೆ. ಎಣಿಸುವ ಕೆಲಸದವಳು, ಇಷ್ಟು ಸರಳ ಎಣಿಕೆ ತಪ್ಪಿದ್ದೆ.

ಆಮೇಲಿನ ವರ್ಷ ಕೆಟ್ಟದಾಗಿತ್ತು ಎಂದರೆ ಸಾಕು. ಪಪ್ಪ ನನ್ನನ್ನು ಹೊರಗೆ ಹಾಕಲಿಲ್ಲ. ಒಳಗೂ ಕರೆಯಲಿಲ್ಲ. ಮೂರು ಸಲ ಒಬ್ಬಳೇ ಹೋದೆ. “ಆರಾಮದೀ?” “ಆರಾಮ.” “ರಾಣೆಬೆನ್ನೂರಾಗ ಮಳಿ?” “ಆತ್ರಿ.” ಅಷ್ಟೇ. ನಾನು ‘ನೀಲಾ’ ಎಂದು ಬಾಯಿ ತೆರೆದರೆ ಎದ್ದು ಹೋಗಿ, ಮಡಚಿಟ್ಟ ಬಟ್ಟೆಯ ಥಾನುಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದರು. ಮಮ್ಮಿ ಮಾಳಿಗೆ ಹತ್ತಿ ಗುಟ್ಟಾಗಿ ಫೋನು ಮಾಡುತ್ತಿದ್ದರು. ಒಂದು ದಿನ ತಾವಾಗಿಯೇ, “ನೀವು ಬ್ಯಾರೆ ಹಂಚು ಇಟ್ಕೊಂಡೀರೇನು? ಆಕಿ ಉಳ್ಳಾಗಡ್ಡಿಗೆ ಒಂದು, ನಿನಗ ಒಂದು?” ಎಂದು ಕೇಳಿದರು. ಇಟ್ಟುಕೊಂಡಿದ್ದೇವೆ ಎಂದೆ. ನಿಜವಾಗಿ ಇರಲಿಲ್ಲ. ಫೋನಿಟ್ಟ ಮೇಲೆ ಹೋಗಿ ಇನ್ನೊಂದು ರೊಟ್ಟಿ ಹಂಚು ಕೊಂಡು ತಂದೆ, ಇನ್ನು ಸುಳ್ಳು ಸಾಕು ಎಂದು. ನೀಲಾ ಅದರ ಮೇಲೆ ಒಂದೂ ರೊಟ್ಟಿ ಬೇಯಿಸಿಲ್ಲ, ಪಾಪ, ನಿಯತ್ತಿನವಳು.

ಹೋದ ವರ್ಷ ಮತ್ತೆ ಪರ್ಯೂಷಣ ಬಂತು. ಈ ಸಲ ವಿಳಾಸ ಬರೆಯಲು ಅಣ್ಣನ ಮಗಳನ್ನು ಕೂಡಿಸುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಒಂದು ಮಧ್ಯಾಹ್ನ ಬ್ಯಾಡಗಿ ಬಸ್ಸಿನ ಕಂಡಕ್ಟರ್ ಫೋನು ಮಾಡಿ, “ಅಕ್ಕಾರ, ನಿಮ್ಮದೊಂದು ಗಂಟ್ ಐತ್ರಿ, ಸ್ಟ್ಯಾಂಡಿಗೆ ಬರ್ರಿ” ಎಂದ. ಅಂಗಡಿಯ ಬಟ್ಟೆ ಚೀಲ. ಒಳಗೆ ಕಾರ್ಡಿನ ಕಟ್ಟು, ಪಟ್ಟಿ. ಚೀಟಿ ಗೀಟಿ ಏನೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಒಂದು ಪಾಳಿ ಅತ್ತೆ.

ಎರಡು ದಿನ ಬರೆದೆ. ಕೊನೆಯ ಪುಟಕ್ಕೆ ಬಂದೆ. ದರ್ಜಿ. ಪೋಸ್ಟ್‌ಮ್ಯಾನ್. ಹಾಲಿನವ. ಹಾಲಿನವನ ಕೆಳಗೆ, ಪಪ್ಪನ ಕೈಯ ಹೊಸ ಅಕ್ಷರದಲ್ಲಿ: ‘ನೀಲವ್ವ, ರಾಣೆಬೆನ್ನೂರು’. ಮುಂದೆ ನಮ್ಮ ಮನೆಯ ವಿಳಾಸ.

ಹೀಗೆ ನನ್ನದೇ ಮನೆಗೆ ನಾನೇ ವಿಳಾಸ ಬರೆದು, ಉಳಿದವುಗಳ ಜೊತೆ ನಾನೇ ಹೋಗಿ ಅಂಚೆಗೆ ಹಾಕಿ, ಪಟ್ಟಿಯನ್ನು ಅದೇ ಕಂಡಕ್ಟರನ ಕೈಯಲ್ಲಿ ವಾಪಸ್ ಕಳಿಸಿದೆ. ನೀಲಾಳಿಗೆ ಹೇಳಲಿಲ್ಲ. ಅಂಚೆಯಲ್ಲೇ ಬರಲಿ, ಅದರ ಗತ್ತೇ ಬೇರೆ. ಮೂರನೆಯ ದಿನ ಬಂತು. ಅವಳು ನಿಂತೇ ಎರಡು ಸಲ ಓದಿದಳು.

“ನಿಮ್ಮಪ್ಪ ನನಗ ಏನ್ ಮಾಡ್ಯಾರ?”

“ಅದು ಸಂಪ್ರದಾಯ, ಎಲ್ಲಾರಿಗೂ ಕಳಸ್ತಾರ” ಎಂದೆ. ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಇದು ಪಪ್ಪನ ಮಾತು.

“ಎಲ್ಲಾರ ಕಥಿ ನನಗ ಬ್ಯಾಡ” ಎಂದಳು.

ಮರುದಿನ ನಾನು ಲ್ಯಾಬಿನಲ್ಲಿ ಮೊಳಕೆ ಎಣಿಸುತ್ತಿದ್ದಾಗ ಅವಳು ಹೊಲಕ್ಕೆ ಹೋಗುತ್ತೇನೆಂದು ಹೇಳಿ ಬ್ಯಾಡಗಿ ಬಸ್ಸು ಹತ್ತಿದ್ದಾಳೆ. ಮುಂದಿನದನ್ನು ನಾನು ಕಂಡಿಲ್ಲ. ನೀಲಾ ಹೇಳಿದ್ದನ್ನೂ ಮಮ್ಮಿ ಮಾಳಿಗೆಯಿಂದ ಹೇಳಿದ್ದನ್ನೂ ತಾಳೆ ಹಾಕಿದ್ದೇನೆ, ಎರಡೂ ಕೂಡುತ್ತವೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನೀಲಾ ಚಪ್ಪಲಿ ಬಿಟ್ಟು ಗಾದಿಯ ಅಂಚಿಗೆ ಕುಳಿತು, ಸೆರಗಿನ ಗಂಟಿನಿಂದ ಕಾರ್ಡು ತೆಗೆದು ಮುಂದಿಟ್ಟಳು.

“ಕಾಕಾರ, ನಾ ನೀಲವ್ವ. ನಿಮ್ಮ ಕಾರ್ಡ್ ಮುಟ್ಟೇತ್ರಿ. ಏನ್ ತಪ್ಪ ಮಾಡೀರಿ ಅಂತ ಕೇಳಾಕ ಬಂದೇನ್ರಿ.”

ಪಪ್ಪ ಕೈಯಲ್ಲಿದ್ದ ಗಜಕಡ್ಡಿ ಕೆಳಗಿಟ್ಟರಂತೆ, ಗಿರಾಕಿಯೊಬ್ಬ ತಾನೇ ಥಾನು ಇಳಿಸಿ ನೋಡತೊಡಗಿದನಂತೆ. ಒಳಬಾಗಿಲಲ್ಲಿ ಮಮ್ಮಿ ನಿಂತಿದ್ದರು. ಸಂಪ್ರದಾಯರಿ ಎನ್ನುತ್ತಾರೆ, ಮುಗಿಯಿತು ಎಂದುಕೊಂಡರಂತೆ. ಮೂವತ್ತು ವರ್ಷ ಯಾರು ಕೇಳಿದರೂ ಪಪ್ಪ ಬೇರೆ ಏನನ್ನೂ ಹೇಳಿದ್ದಿಲ್ಲ.

“ವರ್ಷಾತು” ಎಂದರು ಪಪ್ಪ. “ನಿನ್ನ ಹೆಸರ ಈ ಮನ್ಯಾಗ ತಗೀಗೊಡಲಿಲ್ಲ. ಮಗಳು ಬಂದು ನಿನ್ನ ಹೆಸರ ಹೇಳಿದ್ರ ಎದ್ದ ಹೋಗ್ತಿದ್ನಿ. ಅದು ತಿಳೀದ ಮಾಡಿದ್ದಲ್ಲ. ತಿಳದ ಮಾಡೇನಿ. ಅದಕ್ಕ.”

ಪಪ್ಪ ಪಟ್ಟಿಯ ಕೊನೆಯ ಪುಟ ತೆಗೆದರು. ಎಲ್ಲರ ಮುಂದೆಯೂ ಟಿಕ್ ಇತ್ತು, ಹಾಲಿನವನ ಕೆಳಗಿನ ಸಾಲೊಂದನ್ನು ಬಿಟ್ಟು.

“ಮಾಫ್ ಮಾಡ್ತೀ? ಹಾಕ್ಲೇನು?” ಎಂದು ಸೀಸದ ಕಡ್ಡಿ ಹಿಡಿದು ಕೇಳಿದರು. ನನ್ನನ್ನು ಕೇಳದೆ ಹಾಕಿದವರು!

“ಇವತ್ತ ಬ್ಯಾಡ್ರಿ ಕಾಕಾರ” ಎಂದಳಂತೆ ಪುಣ್ಯಾತ್ಗಿತ್ತಿ. “ಐತ್ವಾರ ವನಿತಾನ ಕರ್ಕೊಂಡ ಬರ್ತೇನಿ. ಇಬ್ರಿಗೂ ಕೂಡಿಸಿ ಊಟಕ್ಕ ಹಾಕ್ರಿ. ಉಂಡ ಮ್ಯಾಲ ನೋಡೂನು.”

ಇಂಥ ಮಾತು ನಮ್ಮ ಮನೆಯಲ್ಲಿ ಯಾರೂ ಪಪ್ಪನಿಗೆ ಆಡಿದ್ದಿಲ್ಲ. ಪಪ್ಪ ಕಡ್ಡಿಯನ್ನು ಪಟ್ಟಿಯ ನಡುವೆ ಇಟ್ಟು ಮಡಚಿ, “ಹೊತ್ತ ಮುಳುಗೂದ್ರಾಗ ಬರ್ರಿ. ಆಮ್ಯಾಲ ನಾವು ಉಣ್ಣೂದಿಲ್ಲ” ಎಂದರು.

ಭಾನುವಾರ ಹೋದೆವು. ಐದು ದಿನ ಮುಂಚಿನಿಂದ ನೀಲಾ ಉಳ್ಳಾಗಡ್ಡಿ ಬಿಟ್ಟಿದ್ದಳು, ಬಾಯಿ ವಾಸನೆ ಬಂದೀತು ಎಂದು. ನಲವತ್ತು ಹೆಂಗಸರನ್ನು ಆಳುವವಳು ಹೊಸ್ತಿಲಲ್ಲಿ ಎಡಗಾಲು ಮೊದಲೋ ಬಲಗಾಲು ಮೊದಲೋ ಎಂದು ನನ್ನ ಕೈ ಚಿವುಟಿ ಕೇಳಿದಳು. ಎರಡು ಮಣೆ ಪಕ್ಕಪಕ್ಕದಲ್ಲಿ ಹಾಕಿದ್ದರು. ದಾಲ್, ಗೋಧಿ ಉಂಡೆ ಸುಟ್ಟ ಬಾಟಿ, ಕಡಲೆಹಿಟ್ಟಿನ ಗಟ್ಟೆ ಪಲ್ಯ. ಮಮ್ಮಿ ಬಡಿಸುತ್ತ, “ಸಪ್ಪಗ ಅನಸ್ತೈತೇನು?” ಎಂದು ಕೇಳಿದರು. “ಇಲ್ರಿ ಕಾಕು, ಭಾಳ ಚಲೋ ಆಗೇತ್ರಿ” ಎಂದು ನೀಲಾ ಸುಳ್ಳು ಹೇಳಿದಳು. ಆ ಮನೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಮುಂದಿನ ಮಾಫಿಗೆ ಇರಲಿ ಎಂದುಕೊಂಡೆ.

ಊಟ ಮುಗಿಯಿತು. ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಪಪ್ಪ ಕೈತೊಳೆದು ಒಳಗೆ ಹೋಗಿ ಪಟ್ಟಿ ತಂದರು. ಹಾಲಿನವನ ಪುಟ ತೆಗೆದು ನೀಲಾಳ ಮುಂದೆ ಇಟ್ಟರು. ನಾನು ಅವರು ಬರೆಯುವುದನ್ನು ನೋಡಲು ಬಗ್ಗಿದೆ. ಅವರು ಬರೆಯಲಿಲ್ಲ. ಸೀಸದ ಕಡ್ಡಿಯನ್ನು ಅವಳ ಕಡೆ ಚಾಚಿದರು.

“ಮಾಫ್ ಮಾಡಾಕಿ ನೀ” ಎಂದ ಪಪ್ಪ, “ಆಗೇತಿ ಅನಸಿದ್ರ ನೀನ ಹಾಕು” ಎಂದರು.

ನೀಲಾ ಕಡ್ಡಿ ಹಿಡಿದು ನನ್ನ ಮುಖ ನೋಡಿದಳು, ಮಮ್ಮಿಯ ಮುಖ ನೋಡಿದಳು, ಆಮೇಲೆ ನಾಲಿಗೆ ಕಚ್ಚಿಕೊಂಡು, ನಿಧಾನಕ್ಕೆ ಒಂದು ದೊಡ್ಡ ಟಿಕ್ ಹಾಕಿದಳು. ಹಾಲಿನವನ ಸಾಲಿಗೂ ಸ್ವಲ್ಪ ತಾಗಿತು. ಎಂಟನೆಯ ವಯಸ್ಸಿನಿಂದ ಆ ಪಟ್ಟಿಗೆ ವಿಳಾಸ ಬರೆಯುತ್ತಿದ್ದೇನೆ ನಾನು. ನನ್ನ ಕೈಗೆ ಪಪ್ಪ ಆ ಕಡ್ಡಿಯನ್ನು ಒಮ್ಮೆಯೂ ಕೊಟ್ಟಿಲ್ಲ.